ಪಕ್ಕದ ಮನೆ ಅಜ್ಜಿ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕಾಗದ ಬಂತು. ಷಿಕಾಗೋದಲ್ಲಿ ನೀವು ಕೊಂಡ ಮನೆಯ ಡೌನ್ ಪೇಮೆಂಟು, ಬಡ್ಡಿ, ನಿಮ್ಮಪ್ಪನ ಕೋಪ ಎಲ್ಲ ಫೋನಿನಲ್ಲಿ ಆಗಿದೆ, ಮತ್ತೆ ಬೇಡ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ‘ನಾವು ಬಂದದ್ದರಿಂದ ಪಕ್ಕದ ಮನೆ ಅಜ್ಜಿ ಮನೆ ಬಿಡಬೇಕಾಗುತ್ತಾ ದೊಡ್ಡಪ್ಪಾ’ ಅಂತ. ಎರಡು ರಾತ್ರಿ ಸರಿಯಾಗಿ ನಿದ್ದೆ ಹತ್ತಲಿಲ್ಲ.

1974ರಲ್ಲಿ ನಾನು ಷಿಕಾಗೋಗೆ ಬಂದಾಗ ಕಪ್ಪು ಜನರೇ ಹೆಚ್ಚಿದ್ದ ನಾರ್ತ್ ಲಾಂಡೇಲ್ ಬಡಾವಣೆಯ ಕಡೆ ಕಾಲಿಡಬೇಡಿ ಅಂದವರೇ ಎಲ್ಲ. ಮನೆ ತೋರಿಸಲು ಬಂದ ಬ್ರೋಕರ್ ‘ಅದು ನಿಮ್ಮಂಥವರಿಗಲ್ಲ’ ಅಂದು ಕಾರು ತಿರುಗಿಸಿದ. ಹಾಗೆ ಮಾಡೋದು, ಮನೆ ಕೊಡುವಾಗ ಜನಾಂಗ ನೋಡಬಾರದು ಅನ್ನೋ 1968ರ ಕಾನೂನಿನ ಪ್ರಕಾರವೇ ತಪ್ಪು. ನನಗೆ ಗೊತ್ತಿರಲಿಲ್ಲ. ನಿಜ ಹೇಳಬೇಕಂದ್ರೆ ಒಳಗೊಳಗೇ ಖುಷಿಯಾಗಿತ್ತು. ಊರಲ್ಲಿ ‘ನೀವು ಯಾವ ಜನ’ ಅಂತ ಕೇಳಿ ಬಾಡಿಗೆ ಮನೆ ಕೊಡೋದನ್ನು ಕಂಡಿದ್ದವನು ನಾನು.

ಆಫೀಸಿನಲ್ಲಿ ಪಕ್ಕದ ಮೇಜಿನವನು ಲಾಂಡೇಲ್‌ನವನು, ಕಪ್ಪು ಜನಾಂಗದವನು. ಒಂದಿನ ಊಟದ ಹೊತ್ತಿಗೆ ಬಿಸ್ಕತ್ತಿನ ಡಬ್ಬಿ ತಂದ. ಒಳಗೆ ರಬ್ಬರ್ ಬ್ಯಾಂಡ್ ಹಾಕಿದ ರಸೀದಿ ಕಟ್ಟುಗಳು. ಅವರಪ್ಪ 1958ರಲ್ಲಿ ಕಂತಿನ ಮೇಲೆ ಮನೆ ಕೊಂಡಿದ್ದರಂತೆ. ಕೊನೆಯ ಕಂತು ತೀರುವ ತನಕ ಮನೆ ಪತ್ರ, ಮಾರಿದವನ ಹೆಸರಲ್ಲೇ. ಒಂದು ಕಂತು ತಪ್ಪಿದರೂ ಮನೆಯೂ ಹೋಯ್ತು, ಕಟ್ಟಿದ ದುಡ್ಡೂ ಹೋಯ್ತು. ಎಂಟು ವರ್ಷ ಕಟ್ಟಿ, ಕಾಯಿಲೆ ಬಿದ್ದ ತಿಂಗಳು ತಪ್ಪಿಸಿದರು. ನಾನು ಮೊಸರನ್ನ ಕಲೆಸುತ್ತಾ ‘ಸಹಿ ಹಾಕೋ ಮುಂಚೆ ಓದಬಾರದಿತ್ತಾ’ ಅಂದೆ. ಅವನು ಡಬ್ಬಿ ಮುಚ್ಚಿದ. ಆಮೇಲೆ ನನ್ನ ಹತ್ತಿರ ಆ ಮಾತು ಎತ್ತಲಿಲ್ಲ.

ಓದಿದ್ದರೂ ಏನು ಮಾಡಬಹುದಿತ್ತು? 1930ರ ದಶಕದಿಂದಲೇ ಸರ್ಕಾರದ ನಕ್ಷೆಗಳಲ್ಲಿ ಕಪ್ಪು ಜನರಿದ್ದ ಬೀದಿಗಳಿಗೆ, ಸಾಲ ಕೊಟ್ಟರೆ ಅಪಾಯ ಅಂತ ಕೆಂಪು ಬಳಿದಿದ್ದರು. ಕಪ್ಪು ಜನರಿಗೆ ಬ್ಯಾಂಕ್ ಸಾಲ ಹುಟ್ಟುತ್ತಿರಲಿಲ್ಲ. ಕಂತಿನ ಮೇಲೆ ಮನೆ ಮಾರುವವನ ಕಾಲು ಹಿಡಿಯಬೇಕಿತ್ತು. 1968ರಲ್ಲಿ ಲಾಂಡೇಲ್‌ನವರು ಸಂಘ ಕಟ್ಟಿಕೊಂಡು ಕಂತು ನಿಲ್ಲಿಸಿಯೇಬಿಟ್ಟರು. ಇದೆಲ್ಲ ನಾನು ರಿಟೈರ್ ಆದ ಮೇಲೆ ತಿಳಿದದ್ದು.

ಇನ್ನು ನಿನ್ನ ಪಕ್ಕದ ಮನೆ ಅಜ್ಜಿಯ ವಿಷಯ. ‘ನೀನಲ್ಲದಿದ್ದರೆ ಇನ್ನೊಬ್ಬರು ಬರುತ್ತಾರೆ’ ಅಂತ ಬರೆದು ಹೊಡೆದುಹಾಕಿದೆ. ಬ್ರೋಕರೂ ಅದನ್ನೇ ಹೇಳಿರುತ್ತಾನೆ, ಅಲ್ವಾ?

ಷಿಕಾಗೋ ಇರುವ ಕುಕ್ ಕೌಂಟಿಯವರು (ನಮ್ಮ ಜಿಲ್ಲೆ ಇದ್ದ ಹಾಗೆ) ತೆರಿಗೆಗಾಗಿ ಮೂರು ವರ್ಷಕ್ಕೊಮ್ಮೆ ಮನೆಗಳಿಗೆ ಬೆಲೆ ಕಟ್ಟುತ್ತಾರೆ. ಅಕ್ಕಪಕ್ಕದವು ಜಾಸ್ತಿಗೆ ಮಾರಾಟವಾದರೆ ಆಕೆಯ ತೆರಿಗೆಯೂ ಏರಬಹುದು. 65 ತುಂಬಿದವರಿಗೆ ವಿನಾಯಿತಿ ಇದೆ, ಅರ್ಜಿ ಹಾಕಬೇಕು. ಮನೆ ಪತ್ರ ತೀರಿಕೊಂಡ ಗಂಡನ ಹೆಸರಲ್ಲೇ ಉಳಿದಿದ್ದರೆ ತೊಡಕು. ಕೇಳಿ ನೋಡು. ಹೋದ ಹೊಸದರಲ್ಲೇ ಕೇಳಿದರೆ ಅಧಿಕಪ್ರಸಂಗ ಆಗುತ್ತೋ ಏನೋ.

ಹಾಂ, ನೀರಿನ ಪೈಪು ಸೀಸದ್ದಾ ಅಂತ ಪರೀಕ್ಷೆ ಮಾಡಿಸು. 1986ರವರೆಗೂ ಈ ಊರಲ್ಲಿ ಸೀಸದ್ದೇ ಹಾಕಬೇಕೆಂಬ ನಿಯಮವಿತ್ತು. ಟೂ-ಫ್ಲ್ಯಾಟ್ ಅಂದೆಯಲ್ಲ, ಕೆಳಗೊಂದು ಮೇಲೊಂದು ಮನೆ, ಮೇಲಿರುವ ಬಾಡಿಗೆಯವರನ್ನು ಬಿಡಿಸಬೇಡ. ಬಾಡಿಗೆ ಏರಿಸಬೇಡ ಅನ್ನಲಾರೆ, ನಿಮಗೂ ಸಾಲದ ಕಂತಿದೆ.

ಮತ್ತೆ ಅಲ್ಲಿಗೇ ಬರುತ್ತೇನೆ ನೋಡು. ಆ ಅಜ್ಜಿಗೆ ಆ ಮನೆ ಹೇಗೆ ದಕ್ಕಿತೋ, ಆಕೆಯ ಹತ್ತಿರವೂ ಅಂಥದೊಂದು ಡಬ್ಬಿ ಇದೆಯೋ ಏನೋ. ಅವತ್ತು ನಾನು ಆ ಆಫೀಸಿನವನ ಅಪ್ಪನ ಹೆಸರೂ ಕೇಳಿರಲಿಲ್ಲ. ನೀನೂ ಅಜ್ಜಿಯ ಹೆಸರು ಬರೆದಿಲ್ಲ. ಮುಂದಿನ ಕಾಗದದಲ್ಲಿ ಬರೆ.

ನಿನ್ನ ದೊಡ್ಡಪ್ಪ