ಸಂಬಳ ಗುಣಿಸುವ ಮೊದಲು ವಾಪಸ್ ಬರುವ ವರ್ಷ ಬರೆದಿಡಿ

ಮಾನ್ಯರೇ,

ಬ್ಯಾಂಕಿನಲ್ಲಿದ್ದಾಗ ಕೊನೆಯ ಕೆಲವು ವರ್ಷ ನಾನು ಎನ್‌ಆರ್‌ಐ ಖಾತೆಗಳನ್ನು ನೋಡಿಕೊಳ್ಳುತ್ತಿದ್ದೆ. ಆ ಒಂದೇ ಕಾರಣಕ್ಕೆ ಹಾಸನ, ಸಕಲೇಶಪುರದ ಕಡೆಯ ನೆಂಟರು ಈಗಲೂ ವಿದೇಶದ ಕೆಲಸದ ಆಫರ್ ಲೆಟರ್ ಹಿಡಿದುಕೊಂಡು ಮನೆಗೆ ಬರುತ್ತಾರೆ. ಕೆಲಸಕ್ಕೆ ಹೋಗಲಾ ಬೇಡವಾ ಅಂತ ಯಾರೂ ಕೇಳುವುದಿಲ್ಲ, ಅದು ಮೊದಲೇ ತೀರ್ಮಾನ ಆಗಿರುತ್ತದೆ. ಹೆಂಡತಿ ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗೋದಾ ಅನ್ನೋದೇ ಪ್ರಶ್ನೆ. ನಾನು ತಿರುಗಿ ಕೇಳುವುದು ಒಂದೇ: ವಾಪಸ್ ಬರೋದು ಯಾವಾಗ? ಅದಕ್ಕೆ ಉತ್ತರ ಯಾರ ಹತ್ತಿರವೂ ಇರುವುದಿಲ್ಲ. 'ನೋಡೋಣ' ಅನ್ನುತ್ತಾರೆ.

ಈ ಸಲ ಬಂದವನು ನನ್ನ ತಂಗಿಯ ಮಗ. ಹಾಸನದಲ್ಲಿ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ದುಬೈಯಲ್ಲಿ ತಿಂಗಳಿಗೆ 18,000 ದಿರ್ಹಮ್ ಕೊಡುತ್ತಾರಂತೆ. ಒಂದು ದಿರ್ಹಮ್‌ಗೆ 23 ರೂಪಾಯಿ ಹಿಡಿದರೂ ನಾಲ್ಕು ಲಕ್ಷದ ಮೇಲಾಯಿತು, ಅದೂ ಅಲ್ಲಿ ಸಂಬಳದ ಮೇಲೆ ಆದಾಯ ತೆರಿಗೆಯೇ ಇಲ್ಲ. ಮನೆಯಲ್ಲಿ ಆಗಲೇ ಹಬ್ಬ ಶುರುವಾಗಿತ್ತು.

ಯಾವುದೋ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಇಬ್ಬರೂ ಕೂತು ಲೆಕ್ಕ ಹಾಕಿದೆವು. ವರ್ಷಕ್ಕೆ ಸಂಬಳ 2,16,000 ದಿರ್ಹಮ್. ಎರಡು ರೂಮಿನ ಫ್ಲ್ಯಾಟ್‌ಗೆ ಅವನ ಸ್ನೇಹಿತ ಹೇಳಿದ ಬಾಡಿಗೆ 85,000. ನಮ್ಮಲ್ಲಿಯ ಹಾಗೆ ತಿಂಗಳು ತಿಂಗಳು ಕೊಡುವುದಲ್ಲ, ಇಡೀ ವರ್ಷದ ಬಾಡಿಗೆಗೆ ಮುಂದಿನ ತಾರೀಖಿನ ಚೆಕ್ಕುಗಳನ್ನು ಮೊದಲೇ ಬರೆದು ಕೊಡುವ ಪದ್ಧತಿ. ಅಲ್ಲಿನ ಸರ್ಕಾರಿ ಶಾಲೆ ನಮ್ಮಂಥವರ ಮಕ್ಕಳಿಗಲ್ಲ ಅಂತಲೇ ಇಟ್ಟುಕೊಳ್ಳಿ. ಸಿಬಿಎಸ್‌ಇ ಪಾಠ ಮಾಡುವ ಖಾಸಗಿ ಇಂಡಿಯನ್ ಶಾಲೆಯಲ್ಲಿ ಎರಡು ಮಕ್ಕಳಿಗೆ, ಬಸ್ಸೂ ಸೇರಿ, ಅವನು ವಿಚಾರಿಸಿದ ಪ್ರಕಾರ 40,000. ಉಳಿದಿದ್ದು 91,000, ಅಂದರೆ ತಿಂಗಳಿಗೆ ಏಳೂವರೆ ಸಾವಿರ ಚಿಲ್ಲರೆ. ಅದರಲ್ಲಿ ದಿನಸಿ, ತರಕಾರಿ, ಕರೆಂಟು, ಏಸಿ, ಪೆಟ್ರೋಲು, ಫೋನು ಎಲ್ಲಾ ಕಳೆದು ಎರಡೂವರೆ ಸಾವಿರ ಉಳಿದರೆ ಪುಣ್ಯ. ಸುಮಾರು 60 ಸಾವಿರ ರೂಪಾಯಿ. ವರ್ಷಕ್ಕೊಮ್ಮೆ ನಾಲ್ಕು ಜನ ಊರಿಗೆ ಬಂದು ಹೋಗುವ ಟಿಕೆಟ್ಟು ಇದರಲ್ಲೇ ಆಗಬೇಕು.

ಇಲ್ಲಿ ಈಗ ಗಂಡ ಹೆಂಡತಿ ಇಬ್ಬರದೂ ಸೇರಿ ತಿಂಗಳಿಗೆ 50 ಸಾವಿರ ಉಳಿಯುತ್ತದೆ. ಸ್ವಂತ ಮನೆ. ಅವಳು ಸರ್ಕಾರಿ ಪ್ರೌಢಶಾಲೆ ಶಿಕ್ಷಕಿ. ಎಷ್ಟೋ ವರ್ಷ ದೂರದ ಹಳ್ಳಿಗೆ ಬಸ್ಸಿನಲ್ಲಿ ಓಡಾಡಿ, ಕೌನ್ಸೆಲಿಂಗ್‌ನಲ್ಲಿ ಕಾದು ಕಾದು, ಮೊನ್ನೆ ಮೊನ್ನೆ ಹಾಸನದ ಹತ್ತಿರಕ್ಕೆ ವರ್ಗಾವಣೆ ಮಾಡಿಸಿಕೊಂಡವಳು. ನೀನೇನಮ್ಮಾ ಹೇಳ್ತೀಯ ಅಂದೆ. 'ನನ್ನನ್ನ ಇವತ್ತಿನವರೆಗೂ ಯಾರೂ ಕೇಳಿಲ್ಲ ಮಾವ' ಅಂದಳು. ಗಂಡನ ಲೆಕ್ಕದಲ್ಲಿ ಅವಳ ಸಂಬಳದ ಸಾಲೇ ಇರಲಿಲ್ಲ! ಸಂಬಳವಿಲ್ಲದ ರಜೆ ಎಷ್ಟು ವರ್ಷ ಸಿಗುತ್ತದೆ, ಸೇವಾ ಹಿರಿತನ ಏನಾಗುತ್ತದೆ ಅಂತ ಇಲಾಖೆಯಿಂದ ಬರವಣಿಗೆಯಲ್ಲಿ ತಗೋ ಅಂತ ಹೇಳಿ ಕಳಿಸಿದ್ದೇನೆ.

ಹಾಗಂತ ಹೋಗಲೇಬಾರದು ಅಂತ ನಾನು ಹೇಳುವುದಿಲ್ಲ. ಸಂಬಳ ಮುಂದೆ ಜಾಸ್ತಿಯಾಗಬಹುದು, ಕಂಪನಿಯೇ ಶಾಲೆ ಫೀಸು ಕೊಟ್ಟರೆ ಚಿತ್ರವೇ ಬದಲಾಗುತ್ತದೆ, ನಾಲ್ಕು ದೇಶದವರ ಜೊತೆ ಕೆಲಸ ಮಾಡಿದ ಅನುಭವಕ್ಕೂ ಬೆಲೆ ಇದೆ. ಜರ್ಮನಿಗೆ ಹೋದವರೂ ನನ್ನ ಪರಿಚಯದಲ್ಲಿದ್ದಾರೆ. ಅಲ್ಲಿ ತೆರಿಗೆ, ವಿಮೆ ಅಂತ ಸಂಬಳದಲ್ಲಿ ದೊಡ್ಡ ಪಾಲು ಹೋಗುತ್ತದೆ, ಆದರೆ ಸರ್ಕಾರಿ ಶಾಲೆಗೆ ಫೀಸಿಲ್ಲ. ಮಗು ಓದುವುದು ಮಾತ್ರ ಜರ್ಮನ್ ಭಾಷೆಯಲ್ಲಿ. ನಾಲ್ಕೈದು ವರ್ಷವಾದ ಮೇಲೆ ಆ ಮಗುವನ್ನು ತಂದು ಇಲ್ಲಿ ಶಾಲೆಗೆ ಸೇರಿಸುವುದು ಸುಲಭವಾ? ಅಲ್ಲಿಯೂ ಮೊದಲು ತೀರ್ಮಾನ ಆಗಬೇಕಾದದ್ದು ಅದೇ, ವಾಪಸ್ ಬರೋದು ಯಾವಾಗ.

ನಮ್ಮ ಕಡೆಯವರು ಯಾರೂ ಗಮನಿಸದ ಎರಡು ವಿಷಯ ಇವೆ.

ಒಂದು ಸಿಇಟಿ, ಅಂದರೆ ಪಿಯುಸಿ ನಂತರ ಎಂಜಿನಿಯರಿಂಗ್‌ನಂಥ ಕೋರ್ಸಿಗೆ ಸೇರಲು ಬರೆಯುವ ರಾಜ್ಯದ ಪ್ರವೇಶ ಪರೀಕ್ಷೆ. ಕರ್ನಾಟಕದ ಎಂಜಿನಿಯರಿಂಗ್ ಸರ್ಕಾರಿ ಸೀಟಿಗೆ ಅರ್ಹತೆಯ ಮುಖ್ಯ ನಿಯಮ ಏನೆಂದರೆ, ಒಂದನೇ ತರಗತಿಯಿಂದ ಎರಡನೇ ಪಿಯುಸಿಯೊಳಗೆ ಕನಿಷ್ಠ 7 ವರ್ಷ ಈ ರಾಜ್ಯದಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ಎರಡನೇ ಪಿಯುಸಿ ಇಲ್ಲೇ ಪಾಸಾಗಿರಬೇಕು. ತಂದೆ ಅಥವಾ ತಾಯಿ ಇಲ್ಲಿ 7 ವರ್ಷ ಓದಿದ್ದು, ಮಗು ಎರಡೂ ವರ್ಷದ ಪಿಯುಸಿ ಇಲ್ಲೇ ಮಾಡಿದರೆ ಇನ್ನೊಂದು ದಾರಿಯೂ ಇದೆ. ಆದರೆ ಹದಿನೈದು ವರ್ಷದ ಮಗುವನ್ನು ದುಬೈಯಿಂದ ತಂದು ನೇರವಾಗಿ ಪಿಯು ಕಾಲೇಜಿಗೆ ನೂಕುವುದು ನನಗೇನೋ ಸರಿ ಕಾಣುವುದಿಲ್ಲ. 7 ವರ್ಷದ ಲೆಕ್ಕವೇ ಗಟ್ಟಿ. ನಮ್ಮ ಹುಡುಗನ ಮಗಳು ಮೂರನೇ ತರಗತಿ ಮುಗಿಸುತ್ತಿದ್ದಾಳೆ, ಅವಳು ಇಲ್ಲಿ ಇನ್ನು ನಾಲ್ಕು ವರ್ಷ ಓದಿದರೆ ಸಾಕು, ಒಂಬತ್ತನೇ ತರಗತಿಗೆ ಬಂದರಾಯಿತು. ಮಗ ಯುಕೆಜಿ, ಅವನಿಗೆ ಪೂರ್ತಿ ಏಳು ಬೇಕು, ಆರನೇ ತರಗತಿಗೆ ಬರಬೇಕು. ಇಬ್ಬರಿಗೂ ದುಬೈಯಲ್ಲಿ ಸಿಗುವುದು ಸರಿಯಾಗಿ ಐದು ವರ್ಷ. ಕೇಳಿದ ಮೇಲೆ ಹುಡುಗ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ, ಯಾಕಂದರೆ ಅವನ ಮನಸ್ಸಿನಲ್ಲಿ ಹತ್ತು ವರ್ಷ ಇತ್ತು.

ಇನ್ನೊಂದು ತೋಟ. ದುಬೈ ದುಡ್ಡಿನಲ್ಲಿ ಪಕ್ಕದ ತೋಟ ಕೊಂಡುಕೊಳ್ಳಬೇಕು ಅನ್ನೋದು ಮಲೆನಾಡಿನ ಪ್ರತಿಯೊಬ್ಬ ಹುಡುಗನ ಆಸೆ. ಇವನಿಗೂ ಸಕಲೇಶಪುರದ ಹತ್ತಿರ ಅಪ್ಪನ ನಾಲ್ಕು ಎಕರೆ ರೊಬಸ್ಟಾ ಕಾಫಿ ತೋಟ ಇದೆ, ಪಕ್ಕದ ಎರಡು ಎಕರೆ ಮೇಲೆ ಕಣ್ಣಿದೆ. 2020ರಲ್ಲಿ ನಮ್ಮ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದು ಅಂತ ಜನ ತಿಳಿದಿದ್ದಾರೆ. ಆದರೆ ಎನ್‌ಆರ್‌ಐಗಳಿಗೆ ಅಡ್ಡ ಬರುವುದು ವಿದೇಶಿ ವಿನಿಮಯ ನೋಡಿಕೊಳ್ಳುವ ಕೇಂದ್ರದ ಫೆಮಾ ಕಾನೂನು. ಅದರ ಪ್ರಕಾರ ಅವರು ಇಲ್ಲಿ ಮನೆ, ಸೈಟು ಕೊಳ್ಳಬಹುದು, ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳುವ ಹಾಗಿಲ್ಲ. ದಾನಪತ್ರದಲ್ಲಿ ಪಡೆಯುವ ಹಾಗೂ ಇಲ್ಲ. ಅಪ್ಪನ ನಂತರ ವಾರಸುದಾರನಾಗಿ ಬಂದರೆ ತೊಂದರೆ ಇಲ್ಲ, ಇಲ್ಲಿದ್ದಾಗ ಕೊಂಡಿದ್ದನ್ನು ಇಟ್ಟುಕೊಳ್ಳಲೂ ತೊಂದರೆ ಇಲ್ಲ. ಅನಿವಾಸಿ ಯಾರು ಅಂತ ತೀರ್ಮಾನಿಸಲು ಆದಾಯ ತೆರಿಗೆಯವರು ನೋಡುವ 182 ದಿನದ ಲೆಕ್ಕವನ್ನು ಇದಕ್ಕೆ ಬೆರೆಸಬೇಡಿ. ಫೆಮಾದಲ್ಲಿ ಕೆಲಸಕ್ಕೆಂದು ವಿಮಾನ ಹತ್ತಿದಾಗಿನಿಂದಲೇ ನೀವು ಅನಿವಾಸಿ, ಉಳಿತಾಯ ಖಾತೆಯನ್ನೂ ಅನಿವಾಸಿಗಳ ಎನ್‌ಆರ್‌ಒ ಖಾತೆಗೆ ಬದಲಾಯಿಸಬೇಕು. ತೋಟಕ್ಕಾಗಿ ಹೋಗುವವರು ತೋಟ ಕೊಳ್ಳಬೇಕಾದರೂ ವಾಪಸ್ ಬರಲೇಬೇಕು, ಗೊತ್ತಾಯ್ತಲ್ಲ?

ಊರಲ್ಲಿರುವ ಅಪ್ಪ ಅಮ್ಮನಿಗೆ ಏನಾದರೂ ಆದರೆ ಓಡಿ ಬರಬೇಕಾದ ವಿಷಯ ಎಲ್ಲರಿಗೂ ಗೊತ್ತಿರುವುದೇ. ದುಬೈಯಿಂದ ಹತ್ತಿರದ ಮಂಗಳೂರಿಗೇ ನಾಲ್ಕು ಗಂಟೆಯ ವಿಮಾನ ಇದೆಯಲ್ಲ ಅಂತ ಹುಡುಗ ಅಂದ. ನಿಜ. ಮಳೆಗಾಲದಲ್ಲಿ ದೊಡ್ಡತಪ್ಪಲೆ ಹತ್ತಿರ ಗುಡ್ಡ ಜರಿದು ಶಿರಾಡಿ ಘಾಟ್ ರಸ್ತೆ ಬಂದ್ ಆದ ದಿನ ಮಂಗಳೂರಿನಿಂದ ಮನೆಗೆ ಬರುವುದು ದುಬೈಯಿಂದ ಮಂಗಳೂರಿಗೆ ಬರುವುದಕ್ಕಿಂತ ನಿಧಾನ.

ನನ್ನ ಅಭಿಪ್ರಾಯ ಇಷ್ಟು. ಮೊದಲ ವರ್ಷ ಅವನೊಬ್ಬನೇ ಹೋಗಲಿ. ಸಂಸಾರ ಒಡೆಯುವ ಸಲಹೆ ಇದು ಅಂತ ನನ್ನ ತಂಗಿಗೆ ಕೋಪ ಬಂದಿದೆ, ಬರಲಿ. ಅಲ್ಲಿ ಹೆಂಡತಿ ಮಕ್ಕಳ ವೀಸಾ ಅವನ ವೀಸಾಕ್ಕೆ ತಗುಲಿಕೊಂಡಿರುತ್ತದೆ, ಅವನ ವೀಸಾ ಕೆಲಸಕ್ಕೆ ತಗುಲಿಕೊಂಡಿರುತ್ತದೆ. ವರ್ಷದ ಮಧ್ಯೆ ಕೆಲಸ ಹೋದರೆ ನಾಲ್ಕು ಜನ ಗಂಟುಮೂಟೆ ಕಟ್ಟಬೇಕು. ಕೆಲಸ ಗಟ್ಟಿ ಅಂತ ಖಾತ್ರಿಯಾದ ಮೇಲೆ, ಅವಳಿಗೂ ಒಪ್ಪಿಗೆಯಾದರೆ, ಎಲ್ಲರೂ ಹೋಗಲಿ. ಸಹಿ ಹಾಕುವ ಮೊದಲು ಮಕ್ಕಳ ಫೀಸು, ಮನೆಯವರ ಆರೋಗ್ಯ ವಿಮೆ, ವರ್ಷದ ಟಿಕೆಟ್ಟು ಯಾರದು ಅಂತ ಕೇಳಿ ಬರೆಸಿಕೊಳ್ಳಲಿ. ಮೂಲ ವೇತನ ಎಷ್ಟು ತೋರಿಸಿದ್ದಾರೆ ಅಂತಲೂ ನೋಡಲಿ. ಅಲ್ಲಿ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಮೂಲ ವೇತನದ ಲೆಕ್ಕದಲ್ಲಿ ಕೆಲಸ ಬಿಡುವಾಗಿನ ಗ್ರಾಚ್ಯುಟಿ ಸಿಗುವುದು, ಪೂರ್ತಿ ಸಂಬಳದ ಮೇಲಲ್ಲ.

ಕೊನೆಯದಾಗಿ ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರಕ್ಕೆ ಒಂದು ಮನವಿ. 7 ವರ್ಷದ ನಿಯಮ ಸಿಇಟಿ ಬ್ರೋಷರ್‌ನಲ್ಲಿ ಇದೆ, ಆದರೆ ಮೂರನೇ ತರಗತಿಯ ಮಗುವಿನ ಅಪ್ಪ ಸಿಇಟಿ ಬ್ರೋಷರ್ ಓದುತ್ತಾನಾ? ಅದನ್ನು ಪ್ರತಿ ಶಾಲೆಯ ನೋಟಿಸ್ ಬೋರ್ಡಿನಲ್ಲಿ ಹಾಕಿಸಿದರೆ ಟಿಸಿ ತೆಗೆದುಕೊಳ್ಳಲು ಬಂದ ದಿನವಾದರೂ ಕಣ್ಣಿಗೆ ಬೀಳುತ್ತದೆ.

— ನಿವೃತ್ತ ಬ್ಯಾಂಕ್ ನೌಕರ, ಹಾಸನ