ಹತ್ತನೇ ತರಗತಿ ಪೋಷಕರಿಗೆ: ಮನೆಯ ಕರೆಂಟ್ ಅಳೆಯುವ ಪ್ರಾಜೆಕ್ಟ್ ಕುರಿತು

ಮಾನ್ಯ ಪೋಷಕರೇ,

ವಿಜ್ಞಾನದ ‘ವಿದ್ಯುಚ್ಛಕ್ತಿ’ ಪಾಠದ ಜೊತೆಗೆ ಈ ಸಲ ಮಕ್ಕಳಿಗೆ ಒಂದು ಪ್ರಾಜೆಕ್ಟ್ ಕೊಟ್ಟಿದ್ದೇವೆ. ಮನೆಯ ಯಾವ ಉಪಕರಣ ಎಷ್ಟು ಕರೆಂಟ್ ಎಳೆಯುತ್ತದೆ ಎಂದು ಅವರೇ ಅಳೆದು ಬರೆದು ತರಬೇಕು. ಅಂಗಡಿಯಲ್ಲಿ ಸಿಗುವ ಥರ್ಮಾಕೋಲ್ ಮಾದರಿ, ‘ವಿದ್ಯುತ್ ಉಳಿಸಿ’ ಚಾರ್ಟು ಇವನ್ನೆಲ್ಲ ದಯವಿಟ್ಟು ಕೊಡಿಸಬೇಡಿ. ಮೊಬೈಲಿನ ಸ್ಟಾಪ್‌ವಾಚ್, ಒಂದು ನೋಟ್‌ಬುಕ್ ಸಾಕು.

ಮೀಟರಿನ ಮೇಲೆ ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಅಲ್ಲೇ 3200 ಅಥವಾ 1600 ಎಂಬಂಥ ಸಂಖ್ಯೆ ಅಚ್ಚಾಗಿರುತ್ತದೆ. ಒಂದು ಯೂನಿಟ್ ಖರ್ಚಾಗುವಷ್ಟರಲ್ಲಿ ದೀಪ ಅಷ್ಟು ಸಲ ಮಿನುಗುತ್ತದೆ. ಮನೆಯ ಎಲ್ಲ ಸ್ವಿಚ್ ಆರಿಸಿ, ಒಂದೇ ಉಪಕರಣ ಹಾಕಿ, ಹತ್ತು ಮಿನುಗಿಗೆ ಎಷ್ಟು ಸೆಕೆಂಡ್ ಹಿಡಿಯಿತು ನೋಡಬೇಕು. 3200ರ ಮೀಟರಾದರೆ 11,250ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ; 1600 ಆದರೆ 22,500ನ್ನು ಭಾಗಿಸಬೇಕು. 3200ರ ಮೀಟರಿನಲ್ಲಿ ಸೀಲಿಂಗ್ ಫ್ಯಾನಿಗೆ 150 ಸೆಕೆಂಡ್ ಬಂದರೆ ಅದು 75 ವ್ಯಾಟ್.

ಮಕ್ಕಳು ಎಡವುವುದು ಎಣಿಕೆಯಲ್ಲಿ. ಸ್ಟಾಪ್‌ವಾಚ್ ಒತ್ತಿದ ಮೊದಲ ಮಿನುಗು ‘ಸೊನ್ನೆ’. ಅದನ್ನೇ ‘ಒಂದು’ ಎಂದು ಎಣಿಸಿದರೆ 135 ಸೆಕೆಂಡಿಗೇ ಹತ್ತು ಮುಗಿದು, ಅದೇ ಫ್ಯಾನ್ 83 ವ್ಯಾಟ್ ತೋರಿಸುತ್ತದೆ. 9 ವ್ಯಾಟಿನ ಎಲ್ಇಡಿ ಬಲ್ಬಿಗೆ ಹತ್ತು ಮಿನುಗು ಮುಗಿಯಲು ಸುಮಾರು 21 ನಿಮಿಷ ಬೇಕು. ಒಂದೇ ತರಹದ ಐದು ಬಲ್ಬು ಹಾಕಿ ಅಳೆದು ಐದರಿಂದ ಭಾಗಿಸಲಿ. ಸಂಜೆ ವೋಲ್ಟೇಜ್ ಇಳಿಯುವ ಊರುಗಳಲ್ಲಿ ಅದೇ ಫ್ಯಾನ್ ಕಡಿಮೆ ವ್ಯಾಟ್ ತೋರಿಸಬಹುದು, ಆದ್ದರಿಂದ ಎಲ್ಲವನ್ನೂ ಒಂದೇ ಹೊತ್ತಿನಲ್ಲಿ ಅಳೆಯುವುದು ಒಳ್ಳೆಯದು. ಫ್ರಿಜ್ಜಿಗೆ ಈ ವಿಧಾನ ಒಗ್ಗುವುದಿಲ್ಲ, ಅದರ ಕಂಪ್ರೆಸರ್ ಆಗಾಗ ನಿಂತು ಓಡುತ್ತದೆ. ಸ್ಟಾರ್ ಲೇಬಲ್ ಮೇಲಿರುವ ವಾರ್ಷಿಕ ಯೂನಿಟ್ಟನ್ನು 365ರಿಂದ ಭಾಗಿಸಿ ಬರೆದುಕೊಂಡರೆ ಸಾಕು.

ಎಲ್ಲ ಆರಿಸಿದ ಮೇಲೂ ದೀಪ ಮಿನುಗುತ್ತಿದ್ದರೆ ಇನ್ನೂ ಸ್ವಾರಸ್ಯ. ಯುಪಿಎಸ್ ಚಾರ್ಜ್ ಆಗುತ್ತಿರಬಹುದು, ಸೆಟ್‌ಟಾಪ್ ಬಾಕ್ಸ್ ರಿಮೋಟಿನಲ್ಲಷ್ಟೇ ಆರಿರಬಹುದು. ಒಂದೊಂದೇ ಪ್ಲಗ್ ತೆಗೆಯುತ್ತಾ ಮಗುವೇ ಹುಡುಕಲಿ, ನೀವು ಹೇಳಿಕೊಡಬೇಡಿ. ಏನೂ ಸಿಗದಿದ್ದರೆ ವೈರಿಂಗಿನಲ್ಲಿ ಸೋರಿಕೆ ಇರಬಹುದು, ಎಲೆಕ್ಟ್ರಿಷಿಯನ್ನರಿಗೆ ತೋರಿಸಿ.

‘ಗೃಹಜ್ಯೋತಿಯಲ್ಲಿ ಬಿಲ್ಲೇ ಬರುವುದಿಲ್ಲವಲ್ಲ’ ಎಂದು ಕೆಲವರು ಕೇಳಬಹುದು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 2000 ವ್ಯಾಟಿನ ಗೀಸರ್ ದಿನಕ್ಕೆ ಒಂದು ಗಂಟೆ ಓಡಿದರೆ ತಿಂಗಳಿಗೆ 60 ಯೂನಿಟ್ ಅದೊಂದಕ್ಕೇ ಹೋಗುತ್ತದೆ. ಈ ಲೆಕ್ಕ ಮಗುವಿನ ಬಾಯಿಂದಲೇ ಬರಲಿ.

ಮೀಟರನ್ನು ಬರೀ ನೋಡುವುದು, ಮುಟ್ಟುವಂತಿಲ್ಲ. ಸೀಲ್, ಫ್ಯೂಸ್, ಮೇನ್ ಸ್ವಿಚ್ ಹತ್ತಿರ ಮಕ್ಕಳ ಕೈ ಹೋಗಬಾರದು. ಅಳೆಯುವಾಗ ದೊಡ್ಡವರೊಬ್ಬರು ಜೊತೆಗಿರಿ. ಮನೆಯಲ್ಲಿ ರೋಗಿಗಳ ಉಪಕರಣ ಓಡುತ್ತಿದ್ದರೆ, ಅಥವಾ ಹಲವು ಮನೆಗಳಿಗೆ ಒಂದೇ ಮೀಟರ್ ಇದ್ದರೆ ತಿಳಿಸಿ, ಆ ಮಕ್ಕಳಿಗೆ ಶಾಲೆಯ ಮೀಟರಿನಲ್ಲೇ ಮಾಡಿಸುತ್ತೇವೆ. ನೋಟ್‌ಬುಕ್ಕಿನಲ್ಲಿ ಬಿಲ್ಲಿನ ಮೊತ್ತ, ಆರ್.ಆರ್. ನಂಬರ್ ಬರೆಯಬೇಕಿಲ್ಲ.

ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನವಾದ ಡಿಸೆಂಬರ್ 14ಕ್ಕೆ ಒಂದು ವಾರ ಮೊದಲು ನೋಟ್‌ಬುಕ್ ತಲುಪಿಸಿ. ತಪ್ಪು ಬಂದ ಅಳತೆಗಳನ್ನು ಅಳಿಸಿಸಬೇಡಿ, ಅವೂ ನಮಗೆ ಬೇಕು.

ಇಂತಿ,
ಮುಖ್ಯೋಪಾಧ್ಯಾಯರು