ಷೆವೆಲ್ ಕೊಳ್ಳುವ ಮುಂಚೆ ಅಳಿಯನಿಗೊಂದು ಪತ್ರ

ಟ್ರಾಯ್, ಮಿಷಿಗನ್

ಚಿ. ಸುಹಾಸನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ, ನೀನೂ ಕ್ಷೇಮವಾಗಿದ್ದೀಯ ಎಂದು ನಂಬಿದ್ದೇನೆ. ನೀನು ಕಳಿಸಿದ ಫೋಟೋಗಳನ್ನೆಲ್ಲ ದೊಡ್ಡದು ಮಾಡಿ ನೋಡಿದೆ. 1970ರ ಷೆವ್ರೊಲೆ ಷೆವೆಲ್ ಎಸ್‌ಎಸ್ (ಸೂಪರ್ ಸ್ಪೋರ್ಟ್) 454, ಅದರಲ್ಲೂ ಎಲ್‌ಎಸ್6 ಎಂಜಿನ್ನಿನದು ಎನ್ನುತ್ತಾನೆ ಮಾರುವವನು. ಕೆಂಪು ಬಣ್ಣದ ಮೇಲೆ ಕಪ್ಪು ಪಟ್ಟೆ, ನೋಡಿದಷ್ಟೂ ನೋಡಬೇಕು ಅನ್ನಿಸುವ ಗಾಡಿ. ಇಂಥದ್ದರ ಮೇಲೆ ನಿನಗೆ ಮನಸ್ಸಾಗಿದ್ದು ನನಗೆ ತುಂಬಾ ಸಂತೋಷ. ಆದರೆ ಹೋದ ಕೂಡಲೇ ಅಡ್ವಾನ್ಸ್ ಕೊಟ್ಟು ಬರುತ್ತೇನೆ ಅಂದೆಯಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದ್ದು ಅಲ್ಲಿ ನೆನಪಿಗೆ ಬರುವುದಿಲ್ಲ. ಇದನ್ನು ಜೇಬಿನಲ್ಲಿಟ್ಟುಕೊಂಡು ಹೋಗು.

ಆ ವರ್ಷ ಷೆವೆಲ್‌ಗೆ 454 ಘನ ಅಂಗುಲದ ಎಂಜಿನ್ ಎರಡು ಬಗೆಯಲ್ಲಿ ಬಂತು. ಎಲ್‌ಎಸ್5 ಅಂದರೆ 360 ಅಶ್ವಶಕ್ತಿ, ಎಲ್‌ಎಸ್6 ಅಂದರೆ 450. ಈ ಎರಡನೆಯದು ಹೋಗಿದ್ದು ಒಟ್ಟು 4,475 ಗಾಡಿಗಳಿಗೆ, ಷೆವೆಲ್ ಮೇಲೇ ಕಟ್ಟಿದ ಎಲ್ ಕ್ಯಾಮಿನೋ ಪಿಕಪ್ ಕೂಡ ಸೇರಿ. ಕೊಂಡ ಹುಡುಗರು ಡ್ರ್ಯಾಗ್ ರೇಸಿಗೆ ಒಯ್ದು ಎಂಜಿನ್ ಒಡೆದುಕೊಂಡರು, ಡೀಲರು ವಾರಂಟಿಯಲ್ಲಿ ಬೇರೆ ಬ್ಲಾಕ್ (ಎಂಜಿನ್ನಿನ ಮುಖ್ಯ ಎರಕದ ಭಾಗ) ಕೂರಿಸಿಕೊಟ್ಟ. 1973ರಲ್ಲಿ ಪೆಟ್ರೋಲಿಗೆ ಬರ ಬಂದ ಮೇಲೆ ಕಾಸಿಗೆ ಕೊಸರಿಗೆ ಮಾರಿಹೋದವೂ ಉಂಟು. ಹೀಗಾಗಿ ಹುಟ್ಟಿದಾಗಿನ ಎಂಜಿನ್ನನ್ನೇ ಹೊತ್ತಿರುವ ಗಾಡಿ ಅಪರೂಪ, ಬೆಲೆಯೂ ಹಾಗೇ. ಇನ್ನೊಂದು ಕಡೆ, ಷೆವೆಲ್‌ನದೇ ಸಾಧಾರಣ ಮಾದರಿಯಾದ ಮಾಲಿಬುವಿಗೆ ಎಲ್ಲಿಂದಲೋ ತಂದ 454 ಕೂರಿಸಿ, ಎಸ್‌ಎಸ್ ಬ್ಯಾಡ್ಜು, ಪಟ್ಟೆ, ಬಾನೆಟ್ಟು, ದುಂಡು ಮೀಟರುಗಳ ಡ್ಯಾಶ್‌ಬೋರ್ಡು ಎಲ್ಲವನ್ನೂ ಹೊಸದಾಗಿ ತರಿಸಿ ಹಾಕಿದರೆ ಹತ್ತಡಿ ದೂರದಿಂದ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಈ ಭಾಗಗಳೆಲ್ಲ ಕ್ಯಾಟಲಾಗಿನಲ್ಲೇ ಸಿಗುತ್ತವೆ.

ಮಾರುವವನು ಮೊದಲು ಡ್ಯಾಶಿನ ಮೇಲಿನ ವಿಐಎನ್ ಪಟ್ಟಿ, ಅಂದರೆ ಗಾಡಿಯ ಗುರುತಿನ ನಂಬರಿರುವ ಪಟ್ಟಿ, ತೋರಿಸುತ್ತಾನೆ. 13637 ಅಂತ ಶುರುವಾಗುತ್ತದೆ. 1 ಷೆವ್ರೊಲೆ, 36 ವಿ8 ಎಂಜಿನ್ನಿನ ಮಾಲಿಬು, 37 ಎರಡು ಬಾಗಿಲಿನ ಸ್ಪೋರ್ಟ್ ಕೂಪೆ. ಅದಕ್ಕಿಂತ ಹೆಚ್ಚಿಗೆ ಅದು ಏನೂ ಹೇಳುವುದಿಲ್ಲ ಕಣೋ. 1966ರಿಂದ 68ರವರೆಗೆ ಎಸ್‌ಎಸ್ 396ಕ್ಕೆ 138 ಎಂಬ ಬೇರೆ ಸರಣಿಯೇ ಇತ್ತು. 1970ಕ್ಕೆ ಎಸ್‌ಎಸ್ ಅನ್ನುವುದು ಮಾಲಿಬು ಮೇಲಿನ ಆಪ್ಷನ್ ಆಗಿಬಿಟ್ಟಿತ್ತು. ಪುಟ್ಟ ವಿ8 ಹಾಕಿಕೊಂಡು ಮನೆ ಮಂದಿಯನ್ನು ಚರ್ಚಿಗೆ ಕರೆದೊಯ್ಯುತ್ತಿದ್ದ ಮಾಲಿಬುವಿಗೂ, ಎಲ್‌ಎಸ್6ಕ್ಕೂ ಆ ಐದು ಅಂಕಿ ಒಂದೇ.

ನೀನು ಆರಿಸಿಕೊಂಡಿರುವುದು ಈ ವಿಷಯದಲ್ಲಿ ಎಲ್ಲಕ್ಕಿಂತ ಕಷ್ಟದ ಗಾಡಿ. ಪಾಂಟಿಯಾಕ್ ಜಿಟಿಓ ಆಗಿದ್ದರೆ ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್‌ನವರಿಗೆ ವಿಐಎನ್ ಕಳಿಸಿದರೆ ಕಾರ್ಖಾನೆಯ ದಾಖಲೆಯ ನಕಲು ಬರುತ್ತದೆ. 1964, 65ರ ಜಿಟಿಓ ಕೂಡ ಲೆಮಾನ್ಸ್ ಮೇಲಿನ ಆಪ್ಷನ್ನೇ, ಆ ಕಾಗದವಿಲ್ಲದೆ ತಿಳಿದವರು ಅದನ್ನು ಮುಟ್ಟುವುದೇ ಇಲ್ಲ. ಫೋರ್ಡ್ ಆದರೆ 1967ರಿಂದೀಚೆಗಿನ ಗಾಡಿಗಳಿಗೆ ಮಾರ್ಟಿ ರಿಪೋರ್ಟ್ ಇದೆ. ಫೋರ್ಡ್‌ನ ಉತ್ಪಾದನಾ ದಾಖಲೆಯಿಂದಲೇ ತೆಗೆದುಕೊಡುತ್ತಾರೆ. ಕ್ರೈಸ್ಲರ್‌ನವರು ವಿಐಎನ್‌ನ ಐದನೇ ಅಕ್ಷರದಲ್ಲೇ ಎಂಜಿನ್ ಹೇಳಿಬಿಟ್ಟಿದ್ದಾರೆ, 1970 ಮತ್ತು 71ರಲ್ಲಿ ಅಲ್ಲಿ ಆರ್ ಇದ್ದರೆ 426 ಹೆಮಿ ಎಂಜಿನ್. (ಅಂಥದ್ದೊಂದು 1971ರ ಹೆಮಿ ಕುಡಾ ಕನ್ವರ್ಟಿಬಲ್ 2014ರಲ್ಲಿ ಸಿಯಾಟಲ್‌ನ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು. ಒಂದು ಅಕ್ಷರಕ್ಕೆ ಎಷ್ಟು ತೂಕವಿದೆ ನೋಡು.) ಷೆವೆಲ್‌ಗೆ ಮಾತ್ರ ಹೀಗೆ ಕೇಳಿ ಪಡೆಯುವ ದಾಖಲೆ ಇಲ್ಲ. ಕೆನಡಾದಲ್ಲಿ ಮಾರಾಟವಾದ ಗಾಡಿಯಾದರೆ ಜಿಎಮ್ ಕೆನಡಾದಿಂದ ಮಾಹಿತಿ ಸಿಗುತ್ತದೆ, ನಿನ್ನದು ಅದಲ್ಲ. ಹಾಗಾಗಿ ಗಾಡಿಯ ಮೈಮೇಲಿರುವುದು ಮತ್ತು ಗಾಡಿಯ ಜೊತೆ ಉಳಿದುಬಂದ ಕಾಗದ, ಈ ಎರಡನ್ನೇ ಒಂದಕ್ಕೊಂದು ತಾಳೆ ಹಾಕಬೇಕು.

ನಿಮ್ಮ ತಾತ ಹಾಸನದಲ್ಲಿ ಸೈಟು ಕೊಳ್ಳುವಾಗ ಬರೀ ಕ್ರಯಪತ್ರ ನೋಡಿ ಒಪ್ಪುತ್ತಿರಲಿಲ್ಲ. ಮೂಲ ಪತ್ರ, ಖಾತೆ, ಋಣಭಾರ ಪತ್ರ ಎಲ್ಲ ಹರಡಿಕೊಂಡು ತಾರೀಖಿನ ಮೇಲೆ ಬೆರಳಿಟ್ಟು, ಯಾವುದು ಮೊದಲು ಯಾವುದು ಆಮೇಲೆ ಎಂದು ಜೋಡಿಸುತ್ತಿದ್ದರು. ಇಲ್ಲೂ ಹಿಡಿಯಬೇಕಾದದ್ದು ತಾರೀಖಿನ ಸರಣಿಯನ್ನೇ.

ಬ್ಲಾಕಿನ ಹಿಂಭಾಗದಿಂದ ಶುರುಮಾಡು. ಗೇರ್‌ಬಾಕ್ಸ್ ಕೂಡುವ ಬೆಲ್ ಹೌಸಿಂಗ್ ಹತ್ತಿರ ಎರಕದ ನಂಬರ್ ಉಬ್ಬಿಕೊಂಡಿರುತ್ತದೆ. 3963512 ಇರಬೇಕು. ಅದೇ ನಂಬರು ಎಲ್‌ಎಸ್5ಕ್ಕೂ ಇರುವುದರಿಂದ ಅಷ್ಟಕ್ಕೇ ಹಿಗ್ಗಬೇಡ. ಅಲ್ಲೇ ಎರಕದ ತಾರೀಖೂ ಇರುತ್ತದೆ: ತಿಂಗಳಿಗೊಂದು ಇಂಗ್ಲಿಷ್ ಅಕ್ಷರ, ಆಮೇಲೆ ದಿನ, ಆಮೇಲೆ ವರ್ಷದ ಕೊನೆಯ ಅಂಕಿ. ಎ 15 0 ಅಂದರೆ 1970ರ ಜನವರಿ 15. ಇನ್ನು ಎಂಜಿನ್ನಿನ ಮುಂದೆ ಬಾ. ಪ್ಯಾಸೆಂಜರ್ ಕಡೆಯ ಸಿಲಿಂಡರ್ ಹೆಡ್ಡಿನ ಮುಂದೆ ಒಂದು ಸಪಾಟು ಪ್ಯಾಡ್ ಇದೆ. ಆಲ್ಟರ್ನೇಟರ್, ಬ್ರ್ಯಾಕೆಟ್ಟುಗಳ ಮರೆಯಲ್ಲಿ ಗ್ರೀಸು ಮೆತ್ತಿಕೊಂಡಿರುತ್ತದೆ. ಬಟ್ಟೆಗೆ ಸಾಲ್ವೆಂಟ್ ಹಾಕಿ ಮೆಲ್ಲಗೆ ಒರೆಸು. ವೈರ್ ಬ್ರಷ್, ಮರಳು ಕಾಗದ ಎರಡನ್ನೂ ಮುಟ್ಟಿಸಬೇಡ. ಟಿ 0123 ಸಿಆರ್‌ವಿ ಅಂತ ಇದ್ದರೆ, ನ್ಯೂಯಾರ್ಕ್ ರಾಜ್ಯದ ಟೋನವಾಂಡಾ ಎಂಜಿನ್ ಕಾರ್ಖಾನೆಯಲ್ಲಿ ಜನವರಿ 23ರಂದು ಜೋಡಿಸಿದ, ನಾಲ್ಕು ಗೇರಿನ ಎಲ್‌ಎಸ್6 ಎಂದರ್ಥ. ಆಟೊಮ್ಯಾಟಿಕ್ ಆದರೆ ಸಿಆರ್‌ಆರ್. ಅದರ ಜೊತೆಗೆ ಗಾಡಿಯ ವಿಐಎನ್‌ನ ಭಾಗವೂ ಇರಬೇಕು: ಷೆವ್ರೊಲೆಗೆ 1, ವರ್ಷಕ್ಕೆ 0, ಜೋಡಣೆ ಕಾರ್ಖಾನೆಯ ಅಕ್ಷರ, ಕೊನೆಯ ಆರು ಅಂಕಿ.

ಇಲ್ಲಿ ಸಮಯ ತೆಗೆದುಕೊ. ಮೊದಲನೆಯ ಸಾಲು ಟೋನವಾಂಡಾದಲ್ಲಿ ಒತ್ತಿದ್ದು, ಎರಡನೆಯದು ಬಾಲ್ಟಿಮೋರಿನಲ್ಲೋ ಕ್ಯಾನ್ಸಸ್ ಸಿಟಿಯಲ್ಲೋ ಬೇರೆ ಕೈ, ಬೇರೆ ಅಚ್ಚಿನಿಂದ ಒತ್ತಿದ್ದು. ಎರಡೂ ಸಾಲಿನ ಅಕ್ಷರ ಒಂದೇ ಗಾತ್ರ, ಒಂದೇ ಆಳ, ಒಂದೇ ಓರೆಯಲ್ಲಿದ್ದರೆ ಒಬ್ಬನೇ ಕೂತು ಒತ್ತಿದ್ದಾನೆ ಎಂದು ಅನುಮಾನಿಸು. ಆಮೇಲೆ ಅಕ್ಷರಗಳನ್ನು ಬಿಟ್ಟು ಅವುಗಳ ಹಿಂದಿನ ಲೋಹ ನೋಡು. ಇಷ್ಟು ವರ್ಷ ಮೆಷಿನ್ ಶಾಪಿನಲ್ಲೇ ಕಳೆದ ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇರುವುದು ಅದರ ಮೇಲೆ. ಕಾರ್ಖಾನೆಯಲ್ಲಿ ಆ ಮೇಲ್ಮೈಯನ್ನು ಬ್ರೋಚ್ ಎಂಬ ಉದ್ದ ಹಲ್ಲಿನ ಉಪಕರಣ ಒಂದೇ ಎಳೆತದಲ್ಲಿ ಕತ್ತರಿಸಿತ್ತು. ಹಾಗಾಗಿ ಎಂಜಿನ್ನಿನ ಮುಂದಿನಿಂದ ಹಿಂದಕ್ಕೆ ಕೂದಲೆಳೆಯಂಥ ನೇರ ಗೀರುಗಳು ಒಂದರ ಪಕ್ಕ ಒಂದು ಓಡಿರುತ್ತವೆ, ಸ್ಟಾಂಪು ಅವುಗಳ ಮೇಲೆ ಕೂತಿರುತ್ತದೆ. ಟಾರ್ಚನ್ನು ನೇರ ಬಿಡದೆ ಪಕ್ಕದಿಂದ ಓರೆಯಾಗಿ ಹಿಡಿದರೆ ಅವು ಎದ್ದು ಕಾಣುತ್ತವೆ. ಗೀರುಗಳು ಕಮಾನಿನಂತೆ ಬಾಗಿದ್ದರೆ ಮಿಲ್ಲಿಂಗ್ ಕಟ್ಟರ್ ಓಡಿದೆ. ಕನ್ನಡಿಯಂತೆ ನುಣುಪಾಗಿದ್ದರೆ ಉಜ್ಜಿದ್ದಾರೆ.

ಎಂಜಿನ್ ಬಿಚ್ಚಿ ಕಟ್ಟುವಾಗ ಪ್ರಾಮಾಣಿಕ ಮೆಕ್ಯಾನಿಕ್ಕೂ ಡೆಕ್, ಅಂದರೆ ಹೆಡ್ಡು ಕೂರುವ, ಆ ಪ್ಯಾಡೂ ಸೇರಿದ ಮೇಲ್ಮೈಯನ್ನು ಸಪಾಟು ಮಾಡಿಸಿ ಸ್ಟಾಂಪು ಕಳೆದಿರಬಹುದು, ಅದು ಮೋಸವಲ್ಲ. ಸ್ಟಾಂಪು ಇಲ್ಲದ ಗಾಡಿ ಇಲ್ಲದ ಗಾಡಿಯಾಗಿಯೇ ಮಾರಾಟಕ್ಕೆ ಬಂದರೆ ನನ್ನ ತಕರಾರಿಲ್ಲ. ಕಳೆದುಹೋದದ್ದನ್ನು ಮತ್ತೆ ಒತ್ತಿ "ನಂಬರ್ಸ್ ಮ್ಯಾಚಿಂಗ್" (ನಂಬರುಗಳೆಲ್ಲ ಗಾಡಿಗೆ ತಾಳೆಯಾಗುತ್ತವೆ) ಅನ್ನುವವನ ಹತ್ತಿರ ಮಾತು ಬೆಳೆಸಬೇಡ. ಬ್ರೋಚ್ ಗೀರನ್ನೂ ನಕಲು ಮಾಡುವವರು ಈಗ ಹುಟ್ಟಿಕೊಂಡಿದ್ದಾರೆ, ಆದ್ದರಿಂದಲೇ ಒಂದೇ ಸಾಕ್ಷಿಯನ್ನು ನೆಚ್ಚಬೇಡ ಎನ್ನುವುದು.

ಮುಂದಿನದು ಫೈರ್‌ವಾಲ್ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ) ಮೇಲಿನ ಟ್ರಿಮ್ ಟ್ಯಾಗ್ ಎಂಬ ಪುಟ್ಟ ಪಟ್ಟಿ. ಅದರಲ್ಲಿ ಬಣ್ಣ, ಸೀಟಿನ ಕೋಡು, ಬಾಡಿ ಕಟ್ಟಿದ ವಾರ ಇರುತ್ತವೆ. 02ಎ ಅಂದರೆ ಫೆಬ್ರವರಿಯ ಮೊದಲ ವಾರ. ಎರಕ ಜನವರಿ 15, ಎಂಜಿನ್ ಜನವರಿ 23, ಬಾಡಿ ಫೆಬ್ರವರಿ ಮೊದಲ ವಾರ, ಸರಣಿ ಸರಿಯಿದೆ. ಎರಕದ ತಾರೀಖು ಮಾರ್ಚ್ ಆಗಿದ್ದು ಬಾಡಿ ಫೆಬ್ರವರಿಯದಾದರೆ ಎಷ್ಟೇ ಚೆಂದದ ಕಥೆ ಹೇಳಿದರೂ ಆ ಎಂಜಿನ್ ಆ ಗಾಡಿಯದಲ್ಲ. ಗೇರ್‌ಬಾಕ್ಸ್ ಮೇಲೂ ಎಡಗಡೆಯ ಫ್ರೇಮ್ ರೈಲಿನ ಮೇಲೂ ವಿಐಎನ್‌ನ ಭಾಗ ಹುಡುಕು. ಡ್ಯಾಶಿನ ಪಟ್ಟಿಯ ರಿವೆಟ್ಟುಗಳು ಹೂವಿನ ದಳದಂತಿರಬೇಕು, ಸುತ್ತ ಕೆದಕಿದ ಗುರುತಿರಬಾರದು. ವಿಐಎನ್ ಪಟ್ಟಿ ಕಿತ್ತು ತಿದ್ದುವುದು ಇಲ್ಲಿ ಫೆಡರಲ್ ಅಪರಾಧ, ಐದು ವರ್ಷದವರೆಗೆ ಜೈಲು. ಅಲ್ಲಿ ಸಂಶಯ ಬಂದರೆ ಚೌಕಾಶಿಗೂ ನಿಲ್ಲದೆ ಮನೆಗೆ ಬಾ.

ಕಾಗದಗಳಲ್ಲಿ ದೊಡ್ಡದು ಬಿಲ್ಡ್ ಶೀಟ್, ಅಂದರೆ ಜೋಡಣೆಯವರು ನೋಡಿಕೊಂಡು ಕೆಲಸ ಮಾಡುತ್ತಿದ್ದ ಹಾಳೆ. ಷೆವೆಲ್‌ನಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲೆ, ಕೆಲವೊಮ್ಮೆ ಸೀಟಿನ ಸ್ಪ್ರಿಂಗುಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಇನ್ನೊಂದು ವಾರಂಟಿ ಪುಸ್ತಕಕ್ಕೆ ಅಂಟಿಸಿದ ಪ್ರೊಟೆಕ್ಟ್-ಓ-ಪ್ಲೇಟ್ ಎಂಬ ಲೋಹದ ತುಣುಕು; ಅದರ ಮೇಲೆ ವಿಐಎನ್ ಜೊತೆ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್‌ಗಳ ಕೋಡು ಉಬ್ಬಿರುತ್ತವೆ. ಎರಡಕ್ಕೂ ನಕಲಿ ಇದೆ. ಗೆರೆ ಎಳೆದ ಖಾಲಿ ಹಾಳೆಯ ಮೇಲೆ ಟೈಪ್ ಮಾಡಿ, ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಹಳೆಯದು ಮಾಡುತ್ತಾರೆ. ಹಾಗಾಗಿ ಮಾರುವವನನ್ನು "ಈ ಹಾಳೆ ಎಲ್ಲಿ ಸಿಕ್ಕಿತು, ಯಾರು ತೆಗೆದರು, ತೆಗೆಯುವ ಮುಂಚಿನ ಫೋಟೋ ಇದೆಯೇ" ಎಂದು ಕೇಳು.

ನನಗೆ ಇವೆಲ್ಲಕ್ಕಿಂತ ಬೆಲೆಯೆನಿಸುವುದು ಮನುಷ್ಯರು. ಹಳೆಯ ಟೈಟಲ್ (ಮಾಲೀಕತ್ವದ ಪತ್ರ) ಹಿಡಿದು ಹಿಂದಕ್ಕೆ ಹೋಗುತ್ತಾ ಮೊದಲ ಮಾಲೀಕನನ್ನು ಹುಡುಕು. 1970ರಲ್ಲಿ ಇಪ್ಪತ್ತೆರಡರ ಹುಡುಗನಾಗಿದ್ದವನಿಗೆ ಈಗ ಎಪ್ಪತ್ತೈದು ದಾಟಿದೆ. ಅವನ ಆಲ್ಬಮ್ಮಿನಲ್ಲಿ ಮನೆ ಮುಂದೆ ನಿಂತ ಗಾಡಿಯ ಫೋಟೋ, ಡ್ರ್ಯಾಗ್ ಸ್ಟ್ರಿಪ್ಪಿನ ಟೈಮ್ ಸ್ಲಿಪ್, ಡೀಲರಿನ ಬಿಲ್ಲು ಇನ್ನೂ ಇರಬಹುದು. ವಿನಯದಿಂದ ಫೋನ್ ಮಾಡಿ, ಒಪ್ಪಿದರೆ ಮಾತು ರೆಕಾರ್ಡ್ ಮಾಡಿಕೊ. ಅವರು ಹೋದ ಮೇಲೆ ಮಕ್ಕಳು ಆ ಡಬ್ಬಿಯನ್ನು ಕಸಕ್ಕೆ ಹಾಕುತ್ತಾರೆ, ಆ ಗಾಡಿಯ ಅರ್ಧ ಚರಿತ್ರೆ ಅಲ್ಲಿಗೆ ಮುಗಿಯಿತು. 2018ರ ಡೆಟ್ರಾಯಿಟ್ ಆಟೋ ಷೋದಲ್ಲಿ ನಟ ಸ್ಟೀವ್ ಮೆಕ್‌ಕ್ವೀನ್ 'ಬುಲಿಟ್' ಸಿನಿಮಾದಲ್ಲಿ ಓಡಿಸಿದ 1968ರ ಹಸಿರು ಮಸ್ಟಾಂಗ್ ಇಟ್ಟಿದ್ದರು, ನಾನೂ ಹೋಗಿ ಕಣ್ತುಂಬ ನೋಡಿದೆ. ಬಣ್ಣ ಮಾಸಿ, ತುಕ್ಕು ಹಿಡಿದು, ಹೇಗಿತ್ತೋ ಹಾಗೇ. ಚಿತ್ರೀಕರಣಕ್ಕಾಗಿ ಮಾಡಿದ್ದ ಬದಲಾವಣೆಗಳ ಗುರುತೂ ಉಳಿದಿದ್ದವು. ಗಾಡಿ ವಾಪಸು ಕೊಡಿ ಎಂದು ಮೆಕ್‌ಕ್ವೀನ್ 1977ರಲ್ಲಿ ಬರೆದ ಪತ್ರವನ್ನು ಗಾಡಿ ಇಟ್ಟುಕೊಂಡಿದ್ದ ಮನೆಯವರು ಜೋಪಾನ ಮಾಡಿದ್ದರು. ಎರಡು ವರ್ಷದ ಮೇಲೆ ಅದು ಶುಲ್ಕ ಸೇರಿ 37.4 ಲಕ್ಷ ಡಾಲರಿಗೆ ಮಾರಾಟವಾಯಿತು. ಚೆನ್ನಾಗಿ ಕಾಣಲಿ ಎಂದು ಯಾರಾದರೂ ಉಜ್ಜಿ ತೊಳೆದು ಹೊಸ ಬಣ್ಣ ಹೊಡೆಸಿದ್ದರೆ ಆ ಸಾಕ್ಷಿಗಳೆಲ್ಲ ಹೋಗುತ್ತಿದ್ದವು.

ಗಾಡಿ ನಿನ್ನದಾದರೆ ನೀನೂ ಅದೇ ಜೋಪಾನ ಮಾಡು. ಒಂದು ಬೋಲ್ಟು ಬಿಚ್ಚುವ ಮುಂಚೆಯೂ ಫೋಟೋ. ಆಕ್ಸಲ್ ಮೇಲೆ, ಫೈರ್‌ವಾಲ್ ಮೇಲೆ ಕಾರ್ಖಾನೆಯವರು ಸೀಮೆಸುಣ್ಣದಲ್ಲೋ ಬಣ್ಣದಲ್ಲೋ ಹಾಕಿದ ಗುರುತುಗಳು ಸಿಗುತ್ತವೆ, ಅಳಿಸುವ ಮುಂಚೆ ದಾಖಲಿಸು. ಎಲ್ಲದರ ಪ್ರತಿಯನ್ನು ಎರಡು ಕಡೆ ಇಡು. ಪ್ಯಾಡಿನ ಸ್ಟಾಂಪು, ಪೂರ್ತಿ ವಿಐಎನ್ ಇರುವ ಫೋಟೋಗಳನ್ನು ಮಾತ್ರ ಇಂಟರ್ನೆಟ್ಟಿಗೆ ಹಾಕಬೇಡ, ನಕಲು ಮಾಡುವವರಿಗೆ ನಾವೇ ಮಾದರಿ ಒದಗಿಸಿದಂತಾಗುತ್ತದೆ.

ದುಡ್ಡಿನ ಮಾತು ಚಿಕ್ಕದು. ತಜ್ಞನನ್ನು ನೀನೇ ಗೊತ್ತುಮಾಡು, ಶುಲ್ಕವೂ ನಿನ್ನದೇ ಇರಲಿ. ಮಾರುವವನು ಸೂಚಿಸಿದವನು ಬೇಡ. ಅಡ್ವಾನ್ಸ್ ಕೊಡಲೇಬೇಕಾದರೆ ತಪಾಸಣೆಯಲ್ಲಿ ಸುಳ್ಳು ಎಂದಾದರೆ ವಾಪಸು ಎಂದು ಬರೆಸಿಕೊ. "ಇದು ಕಾರ್ಖಾನೆಯಿಂದಲೇ ಎಲ್‌ಎಸ್6 ಆಗಿ ಬಂದ ಗಾಡಿ, ಎಂಜಿನ್ ಇದರ ಮೂಲ ಎಂಜಿನ್" ಎಂಬ ಸಾಲು ಮಾರಾಟದ ಕರಾರಿನಲ್ಲೇ ಬರಲಿ. ಬಾಯಲ್ಲಿ ಹತ್ತು ಸಲ ಹೇಳಿದವನು ಅದನ್ನು ಬರೆದು ಸಹಿ ಹಾಕಲು ಹಿಂಜರಿದರೆ ನಿನಗೆ ಉತ್ತರ ಸಿಕ್ಕಿತು. ಮಾಲಿಬು ಮೇಲೆ ಕಟ್ಟಿದ ಕ್ಲೋನ್ ಎಂದು ಗೊತ್ತಾದರೂ ನಿನಗೆ ಇಷ್ಟವಿದ್ದರೆ ಧಾರಾಳವಾಗಿ ಕೊಳ್ಳು, ಕ್ಲೋನಿನ ಬೆಲೆಗೆ. ಮುಂದೆ ಮಾರುವಾಗ ನೀನೂ ಹಾಗೆಯೇ ಹೇಳಿ ಮಾರಬೇಕು, ಅಷ್ಟೇ.

ಪ್ಯಾಡು, ಎರಕದ ತಾರೀಖು, ಟ್ರಿಮ್ ಟ್ಯಾಗು, ರಿವೆಟ್ಟು, ಈ ನಾಲ್ಕರ ಫೋಟೋ ಓರೆ ಬೆಳಕಿನಲ್ಲಿ ತೆಗೆದು ನನಗೆ ಕಳಿಸು. ತಾರೀಖು ಕೂಡಿಬಂದರೆ ನಾನೇ ಓಹಾಯೋಗೆ ಬರುತ್ತೇನೆ. ಫ್ರೇಮಿನ ಸ್ಟಾಂಪು ಓದಲು ಒಬ್ಬ ಕೆಳಗೆ ಮಲಗಬೇಕು, ಇನ್ನೊಬ್ಬ ಟಾರ್ಚ್ ಹಿಡಿಯಬೇಕು. ನಿಮ್ಮಮ್ಮನಿಗೆ ಈ ವಾರ ಫೋನ್ ಮಾಡುತ್ತೇನೆಂದು ಹೇಳು. ಅತ್ತೆಯೂ ನಿನಗೆ ಆಶೀರ್ವಾದ ತಿಳಿಸಿದ್ದಾಳೆ.

ಇಂತಿ,
ನಿನ್ನ ಮಾವ